ಹುಳುಕು ಹಲ್ಲಿನ ಹೂರಣ

ಮನೆಯ ಹಿರಿಯರು ಬಾಯ್ತುಂಬ ನಕ್ಕಾಗ ಅವರ ದವಡೆಹಲ್ಲಿನ ನಡುವೆ ಬೂದುಗಪ್ಪು ಬಣ್ಣದ ಲೋಹದ ತುಣುಕೊಂದನ್ನು ನೀವು ನೋಡಿರಬಹುದು. ಜನ ಅದನ್ನು ‘ಬೆಳ್ಳಿ ತುಂಬಿಸಿದ ಹಲ್ಲು’ ಎನ್ನುತ್ತಾರೆ. ಇಪ್ಪತ್ತು ವರ್ಷವೋ ಮೂವತ್ತು ವರ್ಷವೋ ಆ ತುಣುಕು ಜೋಳದ ರೊಟ್ಟಿಯನ್ನು ಅಗಿದಿದೆ, ಹುರಿಗಡಲೆಯನ್ನು ಕಡಿದಿದೆ. ಯಾರ ತಂಟೆಗೂ ಹೋಗಿಲ್ಲ. ಹೀಗಿರುವಾಗ ಮನೆಗೆ ಬಂದ ನೆಂಟರೊಬ್ಬರು, “ಅದು ಬೆಳ್ಳಿ ಅಲ್ರೀ, ಅದರಾಗ ಅರ್ಧಕ್ಕರ್ಧ ಪಾದರಸ ಐತ್ರಿ. ನಾಳೇನ ತೆಗಿಸಿಬಿಡ್ರಿ” ಎಂದು ಹೇಳಿ ಹೋಗುತ್ತಾರೆ. ಅಂದಿನಿಂದ ಮನೆಯಲ್ಲಿ ನಿದ್ದೆಯಿಲ್ಲ.

ಬಾಗಲಕೋಟೆಯಲ್ಲಾಗಲಿ, ಬಾದಾಮಿಯಲ್ಲಾಗಲಿ, ಹುನಗುಂದ ಇಳಕಲ್ಲುಗಳಲ್ಲಾಗಲಿ ಈ ಮಾತು ಇಂದು ಹೊಸದಲ್ಲ. ನೆಂಟರ ಮಾತಿನ ಮೊದಲರ್ಧ ನಿಜ, ಎರಡನೆಯರ್ಧ ಅವಸರದ್ದು. ಹಳೆಯದನ್ನು ತೆಗೆಸಬೇಕೆ, ತೆಗೆಸಿದರೆ ಅದರ ಜಾಗದಲ್ಲಿ ಏನನ್ನು ತುಂಬಿಸಬೇಕು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಹಲ್ಲು ತುಂಬುವ ಪದಾರ್ಥಗಳ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಆ ಕಥೆಯಲ್ಲಿ ಭಯವೂ ಅವಸರವೂ ಜೋಡಿಯಾಗಿ ಬಂದು ಹೋಗಿರುವುದು ಒಂದು ಸಲವಲ್ಲ.

ಹಲ್ಲನ್ನು ಕೊರೆಯುವ ವಿದ್ಯೆ ನಾವೆಣಿಸಿದ್ದಕ್ಕಿಂತ ಹಳೆಯದು. ಇಂದಿನ ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಅಗೆದು ತೆಗೆದ ಗೋರಿಗಳಲ್ಲಿ ಒಂಬತ್ತು ಮಂದಿ ವಯಸ್ಕರ ಹನ್ನೊಂದು ಹಲ್ಲುಗಳು ದೊರೆತವು. ಬೈರಿಗೆಯಂಥ ಉಪಕರಣದಿಂದ ಅವುಗಳನ್ನು ಒಪ್ಪವಾಗಿ ಕೊರೆದಿದ್ದರು. ಅವುಗಳ ಕಾಲ ಸುಮಾರು ಏಳೂವರೆ ಸಾವಿರದಿಂದ ಒಂಬತ್ತು ಸಾವಿರ ವರ್ಷಗಳ ಹಿಂದಿನದು. 2006ರಲ್ಲಿ ಈ ಸಂಗತಿ ಪ್ರಕಟವಾದಾಗ ವಿದ್ವಾಂಸರೇ ಬೆರಗಾದರು. ಯೂರೋಪಿನ ಸ್ಲೊವೇನಿಯಾದಲ್ಲಿ ಸಿಕ್ಕ, ಸುಮಾರು ಆರೂವರೆ ಸಾವಿರ ವರ್ಷ ಹಳೆಯ ದವಡೆಯೊಂದರ ಬಿರುಕು ಹಲ್ಲಿನ ಮೇಲೆ ಜೇನುಮೇಣ ಮೆತ್ತಿದ ಗುರುತಿದೆ.

ಜೇನುಮೇಣದ ಮಾತು ನಮ್ಮ ಆಯುರ್ವೇದದಲ್ಲಿಯೂ ಉಂಟು. ವಾಗ್ಭಟನ ಅಷ್ಟಾಂಗಹೃದಯವು ಹುಳುಕು ಹಲ್ಲಿಗೆ ‘ಕ್ರಿಮಿದಂತ’ ಎಂದು ಹೆಸರಿಡುತ್ತದೆ. ಅಲುಗಾಡದ ಹಲ್ಲಿನ ಪೊಳ್ಳನ್ನು ಬೆಲ್ಲದಿಂದಲೋ ಜೇನುಮೇಣದಿಂದಲೋ ತುಂಬಿ, ಕಾಯಿಸಿದ ಸಲಾಕೆಯಿಂದ ಸುಡಬೇಕೆಂದು ಅದು ಹೇಳುತ್ತದೆ. ಇಂದಿನ ನಮಗೆ ಬೆಲ್ಲವನ್ನು ಹಲ್ಲಿನ ಪೊಳ್ಳಿಗೆ ತುಂಬುವುದೆಂದರೆ ನಗೆ ಬರಬಹುದು. ಆದರೆ ಪೊಳ್ಳನ್ನು ಮುಚ್ಚಬೇಕು, ಒಳಗಿನ ಕೇಡನ್ನು ಕೊಲ್ಲಬೇಕು ಎಂಬ ಎರಡು ತತ್ತ್ವಗಳು ಅಲ್ಲಿವೆ. ಇಂದಿನ ದಂತವೈದ್ಯವೂ ಆ ಎರಡರ ಮೇಲೆಯೇ ನಿಂತಿದೆ.

ಹುಳುಕು ಎಂಬ ನಮ್ಮ ಮಾತಿನಲ್ಲಿಯೇ ಹುಳು ಕುಳಿತಿದೆ. ನೆಲಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನ ಹುಳು ಬೀಳಿಸುತ್ತೇವೆ ಎನ್ನುವವರು ಹಳ್ಳಿಗಳಲ್ಲಿ ಇದ್ದರು. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೂಕ್ಷ್ಮದರ್ಶಕದಿಂದ ನೋಡಿದರೂ ತನಗೆ ಅಂಥ ಹುಳು ಕಾಣಲಿಲ್ಲವೆಂದ. 1890ರಲ್ಲಿ ಡಬ್ಲ್ಯು. ಡಿ. ಮಿಲ್ಲರ್ ನಿಜವಾದ ಕಳ್ಳನನ್ನು ತೋರಿಸಿಕೊಟ್ಟ. ಹಲ್ಲಿಗೆ ಅಂಟಿದ ಸಕ್ಕರೆ ಹಿಟ್ಟುಗಳನ್ನು ಬಾಯಿಯ ಸೂಕ್ಷ್ಮಜೀವಿಗಳು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಒಮ್ಮೆ ಕರಗಿ ಗುಳಿಬಿದ್ದ ಹಲ್ಲು ಮುರಿದ ಎಲುಬಿನಂತೆ ತಾನಾಗಿ ಕೂಡಿ ತುಂಬಿಕೊಳ್ಳುವುದಿಲ್ಲ. ಹೋಳಿಗೆಗೆ ಹೂರಣ ತುಂಬಿದಂತೆ ಹೊರಗಿನಿಂದ ಏನನ್ನಾದರೂ ತುಂಬಲೇಬೇಕು. ಹಾಗಾದರೆ ಯಾವ ಹೂರಣ?

ಶ್ರೀಮಂತರಿಗೆ ಚಿನ್ನದ ಹಾಳೆಯಿತ್ತು. ಯೂರೋಪಿನಲ್ಲಿ ಹದಿನೈದನೆಯ ಶತಮಾನದಷ್ಟು ಹಿಂದೆಯೇ ಚಿನ್ನದ ತೆಳು ಹಾಳೆಯನ್ನು ಹಲ್ಲಿನ ಗುಳಿಯೊಳಗೆ ಒತ್ತಿ ತುಂಬುವ ಪದ್ಧತಿ ತಿಳಿದಿತ್ತು. ಬಡವನಿಗೆ ಉಳಿದದ್ದು ಇಕ್ಕಳ ಒಂದೇ. ಈ ಅಂತರವನ್ನು ಕಡಮೆ ಮಾಡಿದ್ದು ಪಾದರಸ. ಬೆಳ್ಳಿಯ ಪುಡಿಯನ್ನು ಪಾದರಸದಲ್ಲಿ ಕಲಸಿದರೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಗುಳಿಯಲ್ಲಿ ತುಂಬಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಚೀನದೇಶದವರು ಕ್ರಿ. ಶ. 659ರ ವೈದ್ಯಗ್ರಂಥವೊಂದರಲ್ಲಿಯೇ ಇಂಥ ಬೆಳ್ಳಿಯ ಕಣಕವನ್ನು ಹೆಸರಿಸಿದ್ದರು. ಪಶ್ಚಿಮದಲ್ಲಿ ಪ್ಯಾರಿಸಿನ ತವೋ ಎಂಬಾತ 1826ರಲ್ಲಿ ಇದನ್ನು ಬಳಕೆಗೆ ತಂದ. 1833ರಲ್ಲಿ ಕ್ರಾಕೂರ್ ಎಂಬ ಸೋದರರು ಇದಕ್ಕೆ ರಾಜವೈಭವದ ಹೆಸರೊಂದನ್ನು ಕೊಟ್ಟು ಅಮೆರಿಕದ ನ್ಯೂಯಾರ್ಕಿಗೆ ಒಯ್ದು ಮಾರಿದರು. ಅವರ ಕೆಲಸ ಕೀಳಾಗಿತ್ತು. ಹುಳುಕನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಕಣಕವನ್ನು ಮೆತ್ತಿ ಹಣ ಎಣಿಸಿಕೊಳ್ಳುತ್ತಿದ್ದರು.

ಇಲ್ಲಿಂದ ದಂತವೈದ್ಯರ ನಡುವೆ ದೊಡ್ಡ ಜಗಳ ಹತ್ತಿತು. 1840ರಲ್ಲಿ ಸ್ಥಾಪನೆಯಾದ ಅಮೆರಿಕದ ದಂತಶಸ್ತ್ರವೈದ್ಯರ ಸಂಘವು ಪಾದರಸದ ತುಂಬುವಿಕೆಯನ್ನು ವೃತ್ತಿದ್ರೋಹವೆಂದು ಸಾರಿತು. 1845ರಲ್ಲಿ, ಇದನ್ನು ಎಂದೂ ಬಳಸುವುದಿಲ್ಲವೆಂದು ಪ್ರತಿಯೊಬ್ಬ ಸದಸ್ಯನೂ ಬರೆದುಕೊಡಬೇಕೆಂದಿತು. ಬರೆದುಕೊಡಲು ಅನೇಕರು ಒಪ್ಪಲಿಲ್ಲ. ಐದು ವರ್ಷಗಳಲ್ಲಿ ಆ ಆಜ್ಞೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. 1856ರಲ್ಲಿ ಸಂಘವೇ ಮುಚ್ಚಿತು. ಒಂದು ಕಡೆಯವರು ವಿಷವೆಂದರು. ಇನ್ನೊಂದು ಕಡೆಯವರು ಬಡವನ ಹಲ್ಲು ಉಳಿಸುವ ಸಾಧನವೆಂದರು. ಎರಡರಲ್ಲಿಯೂ ಸತ್ಯದ ಅಂಶವಿತ್ತು. ಅಳೆದು ನೋಡುವ ಸಾಧನ ಮಾತ್ರ ಯಾರ ಕೈಯಲ್ಲಿಯೂ ಇರಲಿಲ್ಲ.

ಅಳತೆಯ ಕೆಲಸ ಮಾಡಿದವನು ಜಿ. ವಿ. ಬ್ಲ್ಯಾಕ್. ಅಲ್ಲಿಯವರೆಗೆ ಈ ಮಿಶ್ರಣ ಗಟ್ಟಿಯಾಗುವಾಗ ಉಬ್ಬಿ ಹಲ್ಲನ್ನೇ ಸೀಳುವುದುಂಟು, ಕುಗ್ಗಿ ಸಂದು ಬಿಡುವುದುಂಟು. ಬೆಳ್ಳಿ, ತವರಗಳು ಯಾವ ಪ್ರಮಾಣದಲ್ಲಿದ್ದರೆ ಉಬ್ಬೂ ಇಲ್ಲ, ಕುಗ್ಗೂ ಇಲ್ಲ ಎಂಬುದನ್ನು ಅವನು 1895ರ ಸುಮಾರಿಗೆ ಪರೀಕ್ಷಿಸಿ ತೋರಿಸಿದ. ಅಂದಿನಿಂದ ‘ಅಮಾಲ್ಗಮ್’ ಜಗತ್ತಿನ ತುಂಬ ಹರಡಿತು. ಬೆಳ್ಳಿ, ತವರ, ತಾಮ್ರ, ಕೆಲವೊಮ್ಮೆ ಸ್ವಲ್ಪ ಸತು. ತೂಕದಲ್ಲಿ ಇವೆಲ್ಲ ಸೇರಿ ಅರ್ಧ, ಪಾದರಸ ಒಂದೇ ಸುಮಾರು ಅರ್ಧ.

ನಮ್ಮ ನಾಡಿಗೆ ಈ ವಿದ್ಯೆ ತಡವಾಗಿ ಬಂದಿತು. ಡಾಕ್ಟರ್ ರಫೀಉದ್ದೀನ್ ಅಹಮದರು 1920ರಲ್ಲಿ ಕಲಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ತೆರೆದರು. 1933ರಲ್ಲಿ ಮುಂಬಯಿಯ ನಾಯರ್ ಆಸ್ಪತ್ರೆಯ ದಂತ ಕಾಲೇಜು ಆರಂಭವಾಯಿತು. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು. 1948ರಲ್ಲಿ ದಂತವೈದ್ಯರ ಕಾಯಿದೆ ಬಂದಿತು. 1956ರಲ್ಲಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1958ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ದಂತ ಕಾಲೇಜು ತೆರೆಯಿತು. ಇಂದು ಬಾಗಲಕೋಟೆಯಲ್ಲಿಯೇ, 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘದ ಆಶ್ರಯದಲ್ಲಿ ಪಿ. ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವಿದೆ. ಹಲ್ಲುನೋವೆಂದರೆ ಇಕ್ಕಳವೊಂದೇ ಗತಿ ಎಂದಿದ್ದ ಸೀಮೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಅಮಾಲ್ಗಮ್ಮಿನ ಗುಣವನ್ನು ತಿಳಿಯಬೇಕಾದರೆ ಬಾದಾಮಿಯ ಬೆಟ್ಟದ ಮೇಲಿನ ಮಾಲೆಗಿತ್ತಿ ಶಿವಾಲಯವನ್ನು ನೆನೆಯಿರಿ. ಅಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯಿಲ್ಲ. ಕಲ್ಲನ್ನು ಕಡಿದ ರೀತಿಯಿಂದಲೂ ಅದರ ಭಾರದಿಂದಲೂ ಕಟ್ಟಡ ಸಾವಿರದ ಮುನ್ನೂರು ವರ್ಷ ನಿಂತಿದೆ. ಅಮಾಲ್ಗಮ್ ಕೂಡ ಹಲ್ಲಿಗೆ ಅಂಟುವುದಿಲ್ಲ. ಗುಳಿಯನ್ನು ಕಡಿದ ಆಕಾರದಿಂದ ನಿಲ್ಲುತ್ತದೆ. ಗಡಿಗೆಯಂತೆ ಬಾಯಿ ಕಿರಿದು, ಒಳಗೆ ಹಿರಿದಾಗಿ ಕಡಿದರೆ ಒಳಗೆ ಗಟ್ಟಿಯಾದದ್ದು ಹೊರಗೆ ಬರಲಾರದು. ಹೀಗೆ ಕಡಿಯುವಾಗ ಒಳ್ಳೆಯ ಹಲ್ಲಿನ ಭಾಗವೂ ಹೋಗುತ್ತದೆ. ಅದು ಇದರ ಬೆಲೆ. ಆದರೆ ತುಂಬುವಾಗ ಎಂಜಲಿನ ತೇವ ಸ್ವಲ್ಪ ತಗುಲಿದರೂ ಅಷ್ಟಾಗಿ ಕೆಡುವುದಿಲ್ಲ, ದವಡೆಯ ಭಾರವನ್ನು ಚೆನ್ನಾಗಿ ತಾಳುತ್ತದೆ, ಬೆಲೆಯೂ ಕಡಮೆ. ಇದೇ ಇದರ ನೂರೈವತ್ತು ವರ್ಷಗಳ ಆಳ್ವಿಕೆಯ ಗುಟ್ಟು.

ಪಾದರಸದ ಮಾತಿಗೆ ಬರೋಣ. ಗಟ್ಟಿಯಾದ ಮೇಲೂ ಈ ಮಿಶ್ರಣದಿಂದ ಅತ್ಯಲ್ಪ ಪ್ರಮಾಣದ ಪಾದರಸದ ಆವಿ ಹೊರಬರುತ್ತದೆ. ಅಗಿಯುವಾಗ, ಹಲ್ಲು ಕಡಿಯುವಾಗ ಅದು ಹೆಚ್ಚುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಸ್ಟಾಕ್ ತನ್ನ ಪ್ರಯೋಗಶಾಲೆಯ ಪಾದರಸದಿಂದ ತಾನೇ ಕಾಯಿಲೆ ಬಿದ್ದವನು. 1926ರಲ್ಲಿ ಅವನು ಹಲ್ಲಿನೊಳಗಿನ ಪಾದರಸದ ಬಗ್ಗೆಯೂ ಎಚ್ಚರ ಕೊಟ್ಟ. 1956ರಲ್ಲಿ ಜಪಾನಿನ ಮಿನಮಾತಾದಲ್ಲಿ ಬೇರೊಂದು ದುರಂತ ಬೆಳಕಿಗೆ ಬಂದಿತು. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸದ ಸಂಯುಕ್ತ ಮೀನಿಗೆ ಸೇರಿ, ಮೀನಿನಿಂದ ಜನರಿಗೆ ಸೇರಿ, ನರಗಳನ್ನು ಹಾಳುಮಾಡಿತು. ಹುಟ್ಟುವ ಮಕ್ಕಳನ್ನೂ ಅದು ಬಿಡಲಿಲ್ಲ. ಆ ವಿಷ ಮಿಥೈಲ್ ಪಾದರಸ. ಹಲ್ಲಿನ ತುಂಬುವಿಕೆಯಿಂದ ಹೊರಬರುವ ಆವಿ ಬೇರೆ ರೂಪದ್ದು, ಬಹು ಅಲ್ಪ ಪ್ರಮಾಣದ್ದು. ಈ ಎರಡನ್ನೂ ಒಂದೆಂದು ತಿಳಿದುದರಿಂದಲೇ ಅರ್ಧ ಭಯ ಹುಟ್ಟಿದೆ.

ಅಳತೆ ಮಾಡಿ ನೋಡಿದವರೂ ಇದ್ದಾರೆ. ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ 507 ಮಕ್ಕಳನ್ನು, ಅಮೆರಿಕದಲ್ಲಿ 534 ಮಕ್ಕಳನ್ನು ಎರಡೆರಡು ಗುಂಪು ಮಾಡಿ, ಒಂದು ಗುಂಪಿಗೆ ಅಮಾಲ್ಗಮ್ಮನ್ನೂ ಇನ್ನೊಂದಕ್ಕೆ ಹಲ್ಲಿನ ಬಣ್ಣದ ರಾಳವನ್ನೂ ತುಂಬಿ, ಅಲ್ಲಿ ಏಳು ವರ್ಷ, ಇಲ್ಲಿ ಐದು ವರ್ಷ ಪರೀಕ್ಷಿಸಿದರು. ಬುದ್ಧಿ, ನೆನಪು, ನರಗಳ ಚುರುಕು ಇವುಗಳಲ್ಲಿ ಅಮಾಲ್ಗಮ್ಮಿನಿಂದ ಹಾನಿಯಾದದ್ದು ಕಾಣಲಿಲ್ಲ. 2006ರಲ್ಲಿ ಎರಡೂ ವರದಿಗಳು ಒಟ್ಟಿಗೆ ಪ್ರಕಟವಾದವು. ಲಿಸ್ಬನ್ನಿನ ಲೆಕ್ಕ ಇನ್ನೊಂದು ಸಂಗತಿಯನ್ನೂ ಹೇಳಿತು. ಏಳು ವರ್ಷಗಳಲ್ಲಿ ಅಮಾಲ್ಗಮ್ಮಿನಲ್ಲಿ ನೂರಕ್ಕೆ 94.4 ಉಳಿದರೆ, ರಾಳದಲ್ಲಿ ಉಳಿದದ್ದು 85.5. ಕೆಟ್ಟದ್ದಕ್ಕೆ ಮುಖ್ಯ ಕಾರಣ ತುಂಬಿದ್ದರ ಅಂಚಿನಲ್ಲಿ ಮತ್ತೆ ಹತ್ತಿದ ಹುಳುಕು.

ಹಾಗಾದರೆ ಜಗತ್ತು ಅಮಾಲ್ಗಮ್ಮನ್ನು ಬಿಡುತ್ತಿರುವುದೇಕೆ? ಮುಖ್ಯ ಕಾರಣ ಬಾಯಿಗಿಂತ ಹೊರಗಿದೆ. ದವಾಖಾನೆಯ ಮೋರಿಯಿಂದ, ಕಸದಿಂದ, ಚಿತೆಯ ಹೊಗೆಯಿಂದ ಪಾದರಸ ಮಣ್ಣಿಗೂ ನೀರಿಗೂ ಸೇರುತ್ತದೆ. ನೀರಿನ ಸೂಕ್ಷ್ಮಜೀವಿಗಳು ಅದನ್ನು ಮಿಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಮತ್ತೆ ಮೀನು, ಮತ್ತೆ ಮನುಷ್ಯ. ಆದುದರಿಂದಲೇ 2013ರಲ್ಲಿ ರಾಷ್ಟ್ರಗಳು ಮಿನಮಾತಾದ ಹೆಸರಿನಲ್ಲಿ ಒಪ್ಪಂದ ಮಾಡಿಕೊಂಡವು. 2017ರ ಆಗಸ್ಟಿನಲ್ಲಿ ಅದು ಜಾರಿಗೆ ಬಂದಿತು. 2018ರ ಜೂನಿನಲ್ಲಿ ಭಾರತ ಅದನ್ನು ಅಂಗೀಕರಿಸಿತು. ಹದಿನೈದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಇವರಿಗೆ ವೈದ್ಯರು ಅತ್ಯಗತ್ಯವೆಂದು ಕಂಡ ಹೊರತು ಅಮಾಲ್ಗಮ್ ಬೇಡವೆಂದು 2022ರ ಸಭೆಯಲ್ಲಿ ಸೇರಿಸಲಾಯಿತು. ಯೂರೋಪಿನ ಒಕ್ಕೂಟ 2025ರ ಜನವರಿಯಿಂದ ಇದರ ಬಳಕೆಯನ್ನು ನಿಲ್ಲಿಸಿತು. 2034ರ ಹೊತ್ತಿಗೆ ಎಲ್ಲ ಕಡೆಯೂ ನಿಲ್ಲಬೇಕೆಂದು 2025ರ ನವೆಂಬರಿನಲ್ಲಿ ಜಿನೀವಾದ ಸಭೆ ತೀರ್ಮಾನಿಸಿದೆ. ಗಮನಿಸಿರಿ: ಹೊಸದಾಗಿ ತುಂಬುವುದು ಬೇಡವೆಂಬುದು ಈ ಮಾತಿನ ಅರ್ಥ, ಇರುವುದನ್ನು ಕಿತ್ತೆಸೆಯಿರಿ ಎಂದಲ್ಲ.

ಬದಲಿಗೆ ಬಂದವುಗಳ ಕಥೆಯನ್ನೂ ಕೇಳಿರಿ. ಇಳಕಲ್ಲಿನ ಸೀರೆಯನ್ನು ನೇಯುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯ ಕುಣಿಕೆಗೆ ಇನ್ನೊಂದರ ಎಳೆಯನ್ನು ಸೇರಿಸಿ ‘ಕೊಂಡಿ’ ಹಾಕುತ್ತಾರೆ. ಸೀರೆ ಹರಿದರೂ ಕೊಂಡಿ ಬಿಡಬಾರದು. ಅದೇ ನೇಕಾರನ ಹೆಮ್ಮೆ. 1955ರಲ್ಲಿ ಅಮೆರಿಕದ ಬ್ಯುನೊಕೋರ್ ಎಂಬಾತ ಹಲ್ಲಿನ ಮೇಲ್ಪದರಕ್ಕೆ ಫಾಸ್ಫಾರಿಕ್ ಆಮ್ಲವನ್ನು ಅರ್ಧ ನಿಮಿಷ ಸವರಿ ತೊಳೆದ. ನುಣ್ಣಗಿದ್ದ ಪದರದಲ್ಲಿ ಕಣ್ಣಿಗೆ ಕಾಣದ ಸಾವಿರಾರು ಗುಳಿಗಳಾದವು. ಅವುಗಳಲ್ಲಿ ತೆಳುವಾದ ರಾಳ ಇಳಿದು ಗಟ್ಟಿಯಾದರೆ, ಹಲ್ಲಿಗೂ ರಾಳಕ್ಕೂ ಕೊಂಡಿ ಬಿದ್ದಂತಾಯಿತು. 1962ರಲ್ಲಿ ಬೋವೆನ್ ಎಂಬ ವಿಜ್ಞಾನಿ ಗಟ್ಟಿಯಾದ ರಾಳವೊಂದಕ್ಕೆ ಹಕ್ಕುಪತ್ರ ಪಡೆದ. ಅದರಲ್ಲಿ ಗಾಜಿನಂಥ ನುಣುಪು ಪುಡಿ ಬೆರೆತಿತ್ತು. ಇದೇ ಇಂದು ‘ಕಾಂಪೊಸಿಟ್’ ಎನಿಸಿದ ಹಲ್ಲುಬಣ್ಣದ ತುಂಬುವಿಕೆ. ನೀಲಿ ಬೆಳಕು ಬಿಟ್ಟೊಡನೆ ಅದು ಗಟ್ಟಿಯಾಗುತ್ತದೆ. ಗಡಿಗೆಯ ಆಕಾರ ಬೇಕಿಲ್ಲ. ಒಳ್ಳೆಯ ಹಲ್ಲು ಉಳಿಯುತ್ತದೆ. ಆದರೆ ಒಂದು ಹನಿ ಎಂಜಲು ತಗುಲಿದರೂ ಕೊಂಡಿ ಸರಿಯಾಗಿ ಬೀಳದು. ತುಂಬುವ ವೈದ್ಯರ ತಾಳ್ಮೆಯೇ ಅದರ ಆಯುಷ್ಯ.

ಮೂರನೆಯದು ಲಂಡನ್ನಿನಿಂದ ಬಂದಿತು. ವಿಲ್ಸನ್ ಮತ್ತು ಕೆಂಟ್ ಎಂಬ ಇಬ್ಬರು 1972ರಲ್ಲಿ ಗಾಜಿನ ಪುಡಿಯನ್ನು ಒಂದು ಬಗೆಯ ಆಮ್ಲದಲ್ಲಿ ಕಲಸಿ ‘ಗ್ಲಾಸ್ ಅಯಾನೊಮರ್’ ಎಂಬ ಸಿಮೆಂಟನ್ನು ವರ್ಣಿಸಿದರು. ಇದು ಹಲ್ಲಿನ ಸುಣ್ಣದ ಅಂಶಕ್ಕೆ ತಾನಾಗಿ ಹಿಡಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಫ್ಲೋರೈಡನ್ನು ಬಿಡುತ್ತದೆ. ಭಾರ ತಾಳುವುದರಲ್ಲಿ ಮಾತ್ರ ಇದು ಮೆದು; ದೊಡ್ಡ ದವಡೆಹಲ್ಲಿನ ದೊಡ್ಡ ಗುಳಿಗೆ ಸಾಲದು. ಮಕ್ಕಳ ಹಾಲುಹಲ್ಲಿಗೆ, ಮುದುಕರ ಒಸಡು ಸರಿದು ಬರಿದಾದ ಬೇರಿಗೆ ಚೆನ್ನಾಗಿ ಒಪ್ಪುತ್ತದೆ. ಯಂತ್ರವಿಲ್ಲದೆ, ಕರೆಂಟಿಲ್ಲದೆ, ಕೈಯುಪಕರಣಗಳಿಂದಲೇ ಹುಳುಕನ್ನು ಕೆರೆದು ಇದನ್ನು ತುಂಬುವ ಪದ್ಧತಿ 1980ರ ದಶಕದಲ್ಲಿ ಆಫ್ರಿಕದ ತಾಂಜಾನಿಯಾದಲ್ಲಿ ಬೆಳೆಯಿತು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಅದನ್ನು ಎತ್ತಿಹಿಡಿಯಿತು. ಹಳ್ಳಿಯ ಶಾಲೆಯ ಜಗಲಿಯ ಮೇಲೆಯೂ ಮಾಡಬಹುದಾದ ಚಿಕಿತ್ಸೆಯಿದು.

ಸಿಮೆಂಟೆಂದೊಡನೆ ಬಾಗಲಕೋಟೆಯವರಿಗೆ ತಮ್ಮ ಊರಿನ ಸುಣ್ಣಕಲ್ಲೂ ಸಿಮೆಂಟ್ ಕಾರ್ಖಾನೆಯೂ ನೆನಪಾಗುವುದು ಸಹಜ. ಆ ನೆನಪು ವ್ಯರ್ಥವಲ್ಲ. 1993ರಲ್ಲಿ ವೈದ್ಯಲೋಕಕ್ಕೆ ಪರಿಚಯವಾದ ಎಂ. ಟಿ. ಎ. ಎಂಬ ಪದಾರ್ಥದ ಮುಖ್ಯಾಂಶ ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಜಾತಿಯದೇ. ಹಲ್ಲಿನ ಬೇರಿನಲ್ಲಿ ತೂತು ಬಿದ್ದರೆ, ನರ ತೆರೆದುಕೊಂಡರೆ ಅದನ್ನು ಮುಚ್ಚುತ್ತಾರೆ. ತೇವದಲ್ಲಿಯೇ ಗಟ್ಟಿಯಾಗುವುದು ಅದರ ವಿಶೇಷ. ಆದರೆ ಅದು ಶುದ್ಧಿಮಾಡಿ ಅಳತೆಯಿಟ್ಟು ತಯಾರಿಸಿದ ಔಷಧದರ್ಜೆಯದು. ಚೀಲದ ಸಿಮೆಂಟಿಗೂ ಅದಕ್ಕೂ ಸಂಬಂಧ ಹೆಸರಿನ ಮಟ್ಟಿಗೆ ಎಂದು ತಿಳಿಯಿರಿ.

ಈ ಸೀಮೆಗೆ ವಿಶೇಷವಾದ ಇನ್ನೊಂದು ಸಂಗತಿಯುಂಟು. ಹುನಗುಂದ, ಇಳಕಲ್ಲುಗಳ ನೆಲ ಬಹುಮಟ್ಟಿಗೆ ಗಡಸು ಕಲ್ಲಿನದು. ಇಳಕಲ್ಲಿನ ಕೆಂಪು ಗ್ರಾನೈಟು ದೇಶವಿದೇಶಗಳಿಗೆ ಹೋಗಿದೆ. ಅಂಥ ಕಲ್ಲಿನ ಬಿರುಕುಗಳಲ್ಲಿ ನಿಂತ ಕೊಳವೆಬಾವಿಯ ನೀರಿನಲ್ಲಿ, ಕೆಲವು ಹಳ್ಳಿಗಳಲ್ಲಿ, ಫ್ಲೋರೈಡ್ ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನಕ. ಅದಕ್ಕಿಂತ ಹೆಚ್ಚಿನ ನೀರನ್ನು ಎಳೆಯ ವಯಸ್ಸಿನಲ್ಲಿ, ಹಲ್ಲು ಒಳಗೆ ರೂಪುಗೊಳ್ಳುವಾಗ ಕುಡಿದ ಮಕ್ಕಳ ಹಲ್ಲಿನಲ್ಲಿ ಬಿಳಿಯ ಸುಣ್ಣದ ಗೆರೆಗಳೋ ಕಂದು ಕಲೆಗಳೋ ಮೂಡುತ್ತವೆ. ಮದರಾಸು ಪ್ರಾಂತದ ನೆಲ್ಲೂರಿನಲ್ಲಿ 1937ರಲ್ಲಿಯೇ ವೈದ್ಯರು ಈ ನೀರು ಎಲುಬಿಗೆ ಮಾಡುವ ಕೇಡನ್ನು ವರ್ಣಿಸಿದ್ದರು.

ಕಂದು ಕಲೆಯೆಂದರೆ ಹುಳುಕಲ್ಲ. ಕಲೆಯಿದ್ದ ಮಾತ್ರಕ್ಕೆ ಹಲ್ಲನ್ನು ಕೊರೆಸಿ ತುಂಬಿಸಬೇಡಿರಿ. ನಿಜವಾಗಿ ಹುಳುಕಾಗಿ ರಾಳವನ್ನು ತುಂಬಬೇಕಾದಾಗ, ‘ನಾವು ಇಂಥ ಊರಿನ ನೀರು ಕುಡಿದು ಬೆಳೆದವರು’ ಎಂದು ವೈದ್ಯರಿಗೆ ಹೇಳಿರಿ. ಫ್ಲೋರೈಡಿನಿಂದ ಬದಲಾದ ಮೇಲ್ಪದರ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ. ಕೊಂಡಿ ಸರಿಯಾಗಿ ಬೀಳಬೇಕಾದರೆ ಅದನ್ನು ಹೆಚ್ಚು ಹೊತ್ತು ಸವರಬೇಕಾಗಬಹುದು. ಎಲ್ಲಿಂದಲೋ ಬಂದ ಪುಸ್ತಕದ ಅಳತೆ ಹುನಗುಂದದ ಹಲ್ಲಿಗೆ ಹಾಗೆಯೇ ಹೊಂದದು ಎಂಬುದಕ್ಕೆ ಇದೊಂದು ದೃಷ್ಟಾಂತ.

ಇನ್ನು ನಿಮ್ಮ ಮನೆಯ ಪ್ರಶ್ನೆಗೆ ಮರಳೋಣ. ಇಳಕಲ್ಲಿನ ಮಗ್ಗದ ಮನೆಯ ಅಜ್ಜಿಯೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳಿರಿ. ಆಕೆಯ ಬಾಯಲ್ಲಿ ನಾಲ್ಕು ಹಳೆಯ ಅಮಾಲ್ಗಮ್ ತುಂಬುವಿಕೆಗಳಿವೆ. ಮೂರು ಗಟ್ಟಿಯಾಗಿವೆ; ಒಂದರ ಅಂಚು ಒಡೆದು ಕೆಳಗೆ ಹುಳುಕು ಹತ್ತಿದೆ. ಆ ಒಂದನ್ನು ತೆಗೆಸಲೇಬೇಕು. ಉಳಿದ ಮೂರನ್ನು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಸೆಪ್ಟೆಂಬರಿನಲ್ಲಿ ಕೊಟ್ಟ ಸಲಹೆ ಸ್ಪಷ್ಟವಾಗಿದೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ನರರೋಗ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು, ಪಾದರಸ ಒಗ್ಗದವರು ಹೊಸ ಅಮಾಲ್ಗಮ್ ತುಂಬಿಸಿಕೊಳ್ಳದಿರುವುದು ಲೇಸು. ಚೆನ್ನಾಗಿರುವ ಹಳೆಯದನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಸಬಾರದು. ಕಾರಣವೂ ಸರಳ. ಕೊರೆದು ತೆಗೆಯುವ ಆ ಕೆಲವು ನಿಮಿಷಗಳಲ್ಲಿ ಏಳುವ ಪಾದರಸದ ಆವಿ, ಅದು ಸುಮ್ಮನೆ ಕುಳಿತಿದ್ದಾಗ ಬಿಡುವುದಕ್ಕಿಂತ ಬಹಳ ಹೆಚ್ಚು. ಜೊತೆಗೆ ಒಳ್ಳೆಯ ಹಲ್ಲೂ ಒಂದಿಷ್ಟು ಕೊಚ್ಚಿಹೋಗುತ್ತದೆ. ಭಯದಿಂದ ಓಡಿಹೋದವರು ಭಯಪಟ್ಟ ವಸ್ತುವನ್ನೇ ಹೆಚ್ಚು ಸೇವಿಸಿ ಬರುವಂತಾಗಬಾರದು.

ತೆಗೆಸುವುದೇ ಆದರೆ ಕೆಲವು ಮಾತುಗಳನ್ನು ಕೇಳಲು ಸಂಕೋಚಪಡಬೇಡಿರಿ. ಹಲ್ಲಿನ ಸುತ್ತ ರಬ್ಬರಿನ ಪರದೆ ಕಟ್ಟುವಿರಾ? ಬಾಯಿಂದ ನೀರನ್ನೂ ಆವಿಯನ್ನೂ ಬಲವಾಗಿ ಎಳೆಯುವ ನಳಿಗೆಯಿದೆಯೆ? ನೀರು ಸಾಕಷ್ಟು ಚಿಮುಕಿಸುತ್ತ, ಪುಡಿಮಾಡದೆ ತುಂಡುತುಂಡಾಗಿ ತೆಗೆಯುವಿರಾ? ತೆಗೆದ ಚೂರುಗಳನ್ನು ಮೋರಿಗೆ ಬಿಡದೆ ಮುಚ್ಚಿದ ಡಬ್ಬಿಯಲ್ಲಿ ಕೂಡಿಡುವಿರಾ? ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗಳಿಂದ ಸಿಟ್ಟಾಗುವುದಿಲ್ಲ. ಮನೆಯಲ್ಲಿ ಗರ್ಭಿಣಿಯರಿದ್ದು ಅವರ ಹಳೆಯ ತುಂಬುವಿಕೆ ತೊಂದರೆ ಕೊಡದಿದ್ದರೆ, ಹೆರಿಗೆಯವರೆಗೂ ಅದನ್ನು ಮುಟ್ಟಿಸಬೇಡಿರಿ. ನೋವಿಗೆಂದು ಮನೆಯಲ್ಲಿ ಲವಂಗದ ಎಣ್ಣೆ ಹಚ್ಚಿದ್ದರೆ ಅದನ್ನೂ ಹೇಳಿರಿ. ಲವಂಗದ ಸತ್ವ ತಗುಲಿದ ಕಡೆ ರಾಳ ಸರಿಯಾಗಿ ಗಟ್ಟಿಯಾಗದು.

ಆಯ್ಕೆಯ ವಿಚಾರದಲ್ಲಿ ಹೊಸವೆಲ್ಲ ಅಮೃತವೆಂದು ಭಾವಿಸುವುದೂ ಬೇಡ. ಅನೇಕ ರಾಳಗಳನ್ನು ತಯಾರಿಸುವ ಮೂಲದ್ರವ್ಯಗಳಲ್ಲಿ ಬಿ. ಪಿ. ಎ. ಎಂಬ ರಾಸಾಯನಿಕವಿದೆ, ತುಂಬಿದ ಮೊದಲ ಕೆಲವು ಗಂಟೆಗಳಲ್ಲಿ ಅದರ ಲವಲೇಶ ಎಂಜಲಿಗೆ ಬರಬಹುದು. ಮೇಲ್ಮೈಯನ್ನು ಒರೆಸಿ ಉಜ್ಜಿ, ಬಾಯಿ ಮುಕ್ಕಳಿಸಿ ಉಗುಳಿದರೆ ಅದೂ ಬಹುಮಟ್ಟಿಗೆ ಕಡಮೆಯಾಗುತ್ತದೆ. ಅಪರೂಪಕ್ಕೆ ಕೆಲವರಿಗೆ ರಾಳ ಒಗ್ಗುವುದಿಲ್ಲ. ಕಡಮೆ ಬೆಲೆಯ ಲೋಹದ ಟೋಪಿಗಳಲ್ಲಿ ನಿಕ್ಕಲ್ ಇರುವುದುಂಟು. ಕಿವಿಯೋಲೆಯಿಂದ ಚರ್ಮ ಕೆರೆಯುವವರು ಅದನ್ನು ಮೊದಲೇ ಹೇಳಬೇಕು. ಪಿಂಗಾಣಿಯೂ ಚಿನ್ನವೂ ಬಹುಕಾಲ ಬಾಳುತ್ತವೆ. ಆದರೆ ಕಿಸೆಗೆ ಭಾರ. ಚಿಕ್ಕ ಗುಳಿಗೂ ಎದುರು ಹಲ್ಲಿಗೂ ರಾಳ. ಮಗುವಿಗೂ ಬೇರಿನ ಗುಳಿಗೂ ಗಾಜಿನ ಸಿಮೆಂಟು. ಮುರಿಯುವಂತಾದ ದೊಡ್ಡ ದವಡೆಹಲ್ಲಿಗೆ ಟೋಪಿ ಅಥವಾ ಪಿಂಗಾಣಿ. ಸ್ಥೂಲವಾಗಿ ಇದು ದಾರಿ. ಹಲ್ಲನ್ನು ಕಣ್ಣಾರೆ ನೋಡಿದ ವೈದ್ಯರ ಮಾತು ಇದಕ್ಕಿಂತ ಮೇಲು.

ಹಲ್ಲಿನ ಹೂರಣಗಳ ಈ ಕಥೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. 1833ರಲ್ಲಿ ಹುಳುಕಿನ ಮೇಲೆಯೇ ಮೆತ್ತಿದವರದೂ ಅವಸರ. 1845ರಲ್ಲಿ ಅಳೆಯದೆ ಬಹಿಷ್ಕಾರ ಹಾಕಿದವರದೂ ಅವಸರ. ಬೆಳ್ಳಿಯ ಕಣಕ ಉಳಿದದ್ದು ಬ್ಲ್ಯಾಕನ ಅಳತೆಯಿಂದ. ಇಂದು ಅದು ಹೋಗುತ್ತಿರುವುದೂ ಮಣ್ಣು ನೀರುಗಳ ಅಳತೆಯಿಂದಲೇ. ಘಟಪ್ರಭೆಯ ದಡದ ಬಾಗಲಕೋಟೆಯ ಜನಕ್ಕೆ ನೀರಿನ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಪೇಟೆಯನ್ನು ಹೊಕ್ಕಾಗ ಅವರು ನವನಗರ ಕಟ್ಟಿಕೊಂಡು ಎದ್ದು ಬಂದವರು. ನಾವು ಮೋರಿಗೆ ಬಿಟ್ಟದ್ದು ಎಂದಾದರೊಂದು ದಿನ ಹೊಳೆಯ ನೀರಾಗಿ ಮನೆಗೆ ಮರಳುತ್ತದೆ.

ಆದುದರಿಂದ ನೆಂಟರು ಮತ್ತೆ ಬಂದಾಗ ಅವರಿಗೆ ಚಹಾ ಕೊಟ್ಟು ಹೀಗೆ ಹೇಳಿರಿ: ಗಟ್ಟಿಯಾಗಿರುವುದು ಇದ್ದಲ್ಲಿಯೇ ಇರಲಿ, ಕೆಟ್ಟದ್ದನ್ನು ಜೋಪಾನವಾಗಿ ತೆಗೆಸೋಣ, ಹೊಸದಾಗಿ ಪಾದರಸ ತುಂಬಿಸುವುದು ಬೇಡ. ಮನೆಯ ಮಕ್ಕಳು ರಾತ್ರಿ ಮಲಗುವ ಮುನ್ನ ಹಲ್ಲುಜ್ಜಿ ಮಲಗಲಿ. ಯಾವ ಹೂರಣವೂ ಬೇಡದ ಹಲ್ಲಿಗಿಂತ ಒಳ್ಳೆಯ ಹಲ್ಲಿಲ್ಲ.